ಮಂಜಿಗೆ ಬಿದ್ದ ಹಾರ

ನಮ್ಮ ಕರಾವಳಿಯಲ್ಲಿ ಬದುಕಿರುವವರೆಲ್ಲ ಬಣ್ಣದಲ್ಲಿರುತ್ತಾರೆ. ಕಪ್ಪು-ಬಿಳುಪಿಗೆ ಹೋಗುವುದು ಸತ್ತ ಮೇಲೆ. ಯಾರ ಮನೆಗೆ ಬೇಕಾದರೂ ಹೋಗಿ ನೋಡಿ. ಮದುವೆ, ಹುಟ್ಟುಹಬ್ಬ, ಗೃಹಪ್ರವೇಶದ ಫೋಟೋಗಳೆಲ್ಲ ಮೊಬೈಲಿನೊಳಗೆ ಬಣ್ಣಬಣ್ಣವಾಗಿ ಕೂತಿರುತ್ತವೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ದೊಡ್ಡ ಕಪ್ಪು-ಬಿಳುಪು ಫೋಟೋ ಇದ್ದು, ಅದಕ್ಕೊಂದು ಹಾರ ಬಿದ್ದು, ಎದುರಿಗೆ ದೀಪ ಉರಿಯುತ್ತಿದ್ದರೆ ಬಂದವರು ‘ಇವರು ಯಾರು’ ಎಂದು ಕೇಳುವುದಿಲ್ಲ, ‘ಯಾವಾಗ ಹೋದದ್ದು’ ಎಂದು ಕೇಳುತ್ತಾರೆ. ಇಷ್ಟು ಸಣ್ಣ ವಿಷಯ ಕುಮಟೆಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ಶ್ರೀಧರ ಮಾಸ್ತರರಿಗೆ ಹೊಳೆಯಲಿಲ್ಲ. ಹಾಗಾಗಿ ತದಡಿಯ ಮಂಜಿ ಒಂದು ಭಾನುವಾರ ಸಾಯಂಕಾಲ, ತನಗೇ ಗೊತ್ತಿಲ್ಲದೆ, ಹೊನ್ನಾವರದಲ್ಲಿ ಸತ್ತುಹೋದಳು.

ಆ ಹೊತ್ತಿಗೆ ಅವಳು ತನ್ನ ಮನೆಯ ಹಿತ್ತಿಲಲ್ಲಿ ಕೂತು ಬಂಗಡೆ ಹೆಚ್ಚುತ್ತಿದ್ದಳು.

ಮಂಜಿ ಮೀನು ಮಾರುವವಳು. ಬೆಳಗಾಗುವಾಗ ತದಡಿ ಬಂದರಿಗೆ ದೋಣಿ ಬರುತ್ತವೆ. ಅಲ್ಲಿ ಹರಾಜಿನಲ್ಲಿ ಮೀನು ಹಿಡಿದು, ಟೆಂಪೊದಲ್ಲಿ ಹೇರಿಕೊಂಡು, ಮಿರ್ಜಾನ ದಾಟಿ ಕುಮಟೆ ಮಾರ್ಕೆಟ್ಟಿಗೆ ಬಂದು ಬಾಗಿಲ ಬಳಿಯ ತನ್ನ ಜಾಗದಲ್ಲಿ ಕೂತಳೆಂದರೆ, ಆಮೇಲೆ ಮಾರ್ಕೆಟ್ಟಿನಲ್ಲಿ ಬೇರೆಯವರ ದನಿ ಕೇಳುವುದು ಕಷ್ಟ. ಚೌಕಾಶಿಗೆ ಬಂದವರ ಅಜ್ಜ-ಮುತ್ತಜ್ಜರವರೆಗೆ ವಿಚಾರಿಸಿಕೊಂಡು, ಕೊನೆಗೆ ಅವರು ಕೇಳಿದ್ದಕ್ಕಿಂತ ಎರಡು ಮೀನು ಹೆಚ್ಚಿಗೆ ಹಾಕಿ ಕಳಿಸುವವಳು. ಗಂಡ ದಾಸ ದೊಡ್ಡ ದೋಣಿಯಲ್ಲಿ ಕೆಲಸಕ್ಕಿದ್ದ. ಸಮುದ್ರಕ್ಕೆ ಹೋದರೆ ಹೋದ, ಬಂದರೆ ಬಂದ. ಮಗಳು ದೀಕ್ಷಾ ಕುಮಟೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಹೊನ್ನಾವರದ ಕಡೆಯ ಗಂಡು ಗೊತ್ತಾಗಿತ್ತು. ಗಂಡು ಒಳ್ಳೆಯವನು, ಮನೆಯವರು ಮಾತಿಗೆ ತಪ್ಪದವರು, ಹುಡುಗಿಗೂ ಮನಸ್ಸಿತ್ತು. ಎಲ್ಲ ಕೂಡಿಬಂದಿತ್ತು, ಒಂದನ್ನು ಬಿಟ್ಟು.

ಇವರ ಜನರ ಮದುವೆಯಲ್ಲಿ ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ದೀಕ್ಷಾಳಿಗಿದ್ದವನು ಒಬ್ಬನೇ ಸೋದರಮಾವ, ಭಟ್ಕಳದ ಕಡೆಯ ಅಳ್ವೆಕೋಡಿಯ ಈರ. ಮಂಜಿಯ ಒಡಹುಟ್ಟಿದ ಅಣ್ಣ. ಅವನಿಗೂ ಮಂಜಿಗೂ ಅವ್ವಿ, ಅವರ ತಾಯಿ, ಸತ್ತ ವರ್ಷದಿಂದ ಮಾತಿರಲಿಲ್ಲ.

ಆ ಜಗಳವೂ ಫೋಟೋದ್ದೇ. ಅವ್ವಿ ಒಬ್ಬಳೇ ಇದ್ದ ಫೋಟೋ ಒಂದೂ ಇರಲಿಲ್ಲ. ಇದ್ದದ್ದು ಮಂಜಿಯ ಮದುವೆಗೆ ಮುಂಚೆ ಭಟ್ಕಳದ ಸ್ಟುಡಿಯೋದಲ್ಲಿ ತಾಯಿ-ಮಗಳು ಜೊತೆಗೆ ನಿಂತು ತೆಗೆಸಿಕೊಂಡದ್ದು. ಈರ ಅದನ್ನೊಯ್ದು, ಅವ್ವಿಯನ್ನು ಮಾತ್ರ ಉಳಿಸಿ ದೊಡ್ಡದು ಮಾಡಿಕೊಡಿ ಎಂದ. ಸ್ಟುಡಿಯೋದವನು ಉತ್ಸಾಹಿ. ಕಂಪ್ಯೂಟರಿನಲ್ಲಿ ಅವ್ವಿಗೆ ರೇಷ್ಮೆ ಸೀರೆ ಉಡಿಸಿದ, ಕೊರಳಿಗೆ ಸರ ಹಾಕಿದ, ಬೆನ್ನ ಹಿಂದೆ ಹಿಮದ ಬೆಟ್ಟ ನಿಲ್ಲಿಸಿದ. ಜೀವಮಾನವಿಡೀ ಮರಳಿನ ಮೇಲೆ ಮೀನು ಒಣಗಿಸಿದ ಮುದುಕಿ ಸತ್ತ ಮೇಲೆ ಹಿಮಾಲಯ ಕಂಡಳು. ಮಗಳನ್ನು ಕತ್ತರಿಸಿ ತೆಗೆದ. ಆದರೆ ಅವ್ವಿಯ ಹೆಗಲ ಮೇಲಿದ್ದ ಮಗಳ ಬೆರಳುಗಳನ್ನು ತೆಗೆಯಲು ಮರೆತ. ಬೊಜ್ಜದ ದಿನ ತಿಥಿಯೂಟಕ್ಕೆ ನೆಂಟರೆಲ್ಲ ಸೇರಿದ್ದಾಗ ಮಂಜಿ ಆ ಫೋಟೋ ನೋಡಿದಳು.

“ಅವ್ವಿ ಹೆಗಲ ಮೇಲೆ ಇದ್ದದ್ದು ಯಾರ ಬೆರಳು? ನನ್ನ ಬೆರಳು ಬೇಕು, ನಾ ಬೇಡ ಅಲ್ದಾ ನಿಂಗೆ?” ಎಂದು ಕೂಗಿದಳು.

ಈರನಿಗೂ ಆ ಬೆರಳು ಕಂಡದ್ದು ಆಗಲೇ. ನಾಚಿಕೆಯಾಯಿತು. ನಮ್ಮ ಗಂಡಸರಿಗೆ ನಾಲ್ಕು ಜನರ ಎದುರು ನಾಚಿಕೆಯಾದರೆ ಅದು ಸಿಟ್ಟಾಗಿಯೇ ಹೊರಬರುವುದು. “ತಾಯಿ ಸತ್ತ ಮನೇಲಿ ಫೋಟೋಕ್ಕೆ ಹೊಡೆದಾಡೂಕೆ ಬಂದವಳು ನೀನು! ಇನ್ನು ನಿನ್ನ ಹೆಣ ನೋಡೂಕೂ ನಾ ನಿನ್ನ ಹೊಸಲು ತುಳಿಯೂದಿಲ್ಲ,” ಎಂದುಬಿಟ್ಟ.

“ಬರ್ಬೇಡ. ನಾ ಸತ್ರೆ ನಿಂಗೆ ಹೇಳಿ ಕಳಿಸೂದೂ ಇಲ್ಲ,” ಎಂದು ಮಂಜಿ ಉಣ್ಣದೆ ಎದ್ದು ಬಂದಳು.

ಅಲ್ಲಿಗೆ ಮುಗಿಯಿತು. ಇಬ್ಬರೂ ಒಬ್ಬರ ನಂಬರನ್ನು ಒಬ್ಬರು ಮೊಬೈಲಿನಿಂದ ಅಳಿಸಿ ಹಾಕಿದರು. ಚೌತಿಗೆ ತವರಿನಿಂದ ಸೀರೆ ಬರುವುದು ನಿಂತಿತು. ಈಗ ಮದುವೆ ಹತ್ತಿರ ಬಂದಿತ್ತು. “ನಮ್ಮ ಚೌಡ ಇದ್ದ ಅಲ್ದಾ, ವರಸೇಲಿ ನಿಂಗೆ ತಮ್ಮ ಆಗ್ಬೇಕು, ಅವ ಕೈ ಹಿಡೀಲಿ,” ಎಂದು ದಾಸ ಹೇಳಿನೋಡಿದ.

“ಚೌಡ ಬಾಟ್ಲಿ ಒಂದು ಬಿಟ್ರೆ ಬೇರೆ ಯಾವ್ದನ್ನೂ ನೆಟ್ಟಗೆ ಹಿಡಿದದ್ದು ನಾ ಕಾಣ್ಲಿಲ್ಲ.”

“ಹಂಗಾದ್ರೆ ನೀನೇ ಅಳ್ವೆಕೋಡಿಗೆ ಹೋಗಿ ಕರಿ.”

“ನಾ ಎಂತಕ್ಕೆ ಹೋಗೂದು? ಬೇಕಾದ್ರೆ ಅವನೇ ಬರ್ಲಿ.”

ಬಾಯಲ್ಲಿ ಹೀಗೆ. ಹೊಟ್ಟೆಯೊಳಗೆ ಬೇರೆ ಇತ್ತು. ಹೋಗಿ ಕರೆದಾಗ ಅಣ್ಣ ಎಲ್ಲರೆದುರು ಬಾಗಿಲು ಹಾಕಿಕೊಂಡರೆ? ಅಣ್ಣನಿಲ್ಲದ ಮದುವೆಯನ್ನು ಹೇಗೋ ಮಾಡಿ ಮುಗಿಸಬಹುದು, ಆದರೆ ಆ ಬಾಗಿಲಿನ ಸದ್ದು ಕೇಳಿ ಬದುಕಲಾರೆ ಎಂದು ಅವಳಿಗೆ ಅನಿಸಿತ್ತು. ಅದಕ್ಕೇ ಜಂಬ ಮಾಡಿಕೊಂಡು ಕೂತಿದ್ದಳು.

ಇನ್ನು ಶ್ರೀಧರ ಮಾಸ್ತರರ ಕತೆ. ಅವರಿಗೆ ನಡುವಯಸ್ಸಿನಲ್ಲಿ ಕಲೆ ಹತ್ತಿತ್ತು. ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇವರಿಗೆ ಇದು ಬಂತು. ಎಲ್ಲಿಂದಲೋ ಹಳೆಯ ರೀಲು ಕ್ಯಾಮೆರಾ ತರಿಸಿಕೊಂಡು, ಕಪ್ಪು-ಬಿಳುಪು ರೀಲು ಹಾಕಿಕೊಂಡು, ರಜೆ ಸಿಕ್ಕಾಗಲೆಲ್ಲ ತದಡಿಯಲ್ಲಿ ಹಾಜರು. ಮೊಬೈಲಿನ ಫೋಟೋಗಳಿಗೆ ಆತ್ಮವಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ರೀಲು ತೊಳೆಯುವುದಕ್ಕೆ ಮನೆಯ ಬಚ್ಚಲಿಗೆ ಕರಿ ಬಟ್ಟೆ ಕಟ್ಟಿಕೊಂಡು ಒಳಗೆ ಸೇರಿದರೆ, ಹೆಂಡತಿ ವಿನುತಾ ಸ್ನಾನಕ್ಕೆ ಪಕ್ಕದ ಮನೆಗೆ ಹೋಗಬೇಕು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

ಮಾಸ್ತರರು ತೆಗೆಯುತ್ತಿದ್ದದ್ದು ದಿನನಿತ್ಯದ ಸಹಜ ಬದುಕು. ಸಹಜ ಬದುಕು ಎಂದರೆ ಏನು ಎಂಬುದರ ಬಗ್ಗೆ ಅವರಿಗೆ ಬಹಳ ಕಟ್ಟುನಿಟ್ಟಿತ್ತು. ಪ್ಲಾಸ್ಟಿಕ್ ಟಬ್ಬು ಕೂಡದು. ಸೊಂಟದಲ್ಲಿ ಮೊಬೈಲು ಕೂಡದು. ಸಿಮೆಂಟಿನ ಜಾಹೀರಾತಿದ್ದ ಕೊಡೆ ಕೂಡದು. ಯಾಣಕ್ಕೆ ಹೋದಾಗ ದಾರಿಯಲ್ಲಿ ಕೊಂಡ ಬಿದಿರಿನ ಬುಟ್ಟಿಯೊಂದನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡೇ ಬರುತ್ತಿದ್ದರು. “ಮಂಜಕ್ಕ, ಟಬ್ಬು ಆಚೆ ಇಡಿ. ಈ ಬುಟ್ಟಿ ತಲೆ ಮೇಲೆ ಇಟ್ಕೊಳ್ಳಿ. ಹಾಂ, ಈಗ ದಿನಾ ಹೇಗೆ ನಡೀತೀರೋ ಹಾಗೇ ನಡೀರಿ.”

“ದಿನಾ ನಾ ಟೆಂಪೊ ಹತ್ತಿ ಹೋಗೂದು, ಮಾಸ್ತರ್ರೆ.”

“ಟೆಂಪೊ ಬೇಡ. ಟೆಂಪೊ ಸಹಜ ಅಲ್ಲ.”

ಬಿದಿರಿನ ಬುಟ್ಟಿಯಿಂದ ಮೀನಿನ ನೀರು ಸೋರಿ ಕುತ್ತಿಗೆಯೊಳಗೆ ಇಳಿಯುತ್ತಿತ್ತು. ಆ ಕಾರಣಕ್ಕೇ ಬಂದರಿನ ಹೆಂಗಸರು ಬುಟ್ಟಿ ಬಿಟ್ಟು ಟಬ್ಬಿಗೆ ಬಂದು ಬಹಳ ಕಾಲವಾಗಿತ್ತು. ಆದರೂ ಮಂಜಿ ನಡೆದಳು. ಬೆಳಕು ಸರಿಯಾಗಲಿಲ್ಲವೆಂದು ಮತ್ತೆ ನಡೆದಳು. ಮಾಸ್ತರರು ದಾರಿಗಡ್ಡಲಾಗಿ, ಹೊಟ್ಟೆ ನೆಲಕ್ಕೆ ಹಚ್ಚಿ, ಮೀನಿನ ರಾಡಿಯಲ್ಲಿ ಮಲಗಿಕೊಂಡು, “ನಾನು ಇಲ್ಲಿ ಇಲ್ಲವೇ ಇಲ್ಲ ಅಂತ ತಿಳ್ಕೊಳ್ಳಿ,” ಎನ್ನುತ್ತಿದ್ದರು. ಅಷ್ಟು ದೊಡ್ಡ ಆಳನ್ನು ಇಲ್ಲ ಎಂದುಕೊಳ್ಳಲು ಯಾರಿಗೆ ಸಾಧ್ಯ? ಹರಾಜಿಗೆ ಬಂದವರು ಅವರನ್ನು ದಾಟಿಕೊಂಡು ಓಡಾಡುತ್ತಿದ್ದರು.

“ಒಂದು ಪ್ರತಿ ನಂಗೂ ಕೊಡಿ, ಬಣ್ಣದ್ದು,” ಎಂದು ಮಂಜಿ ಕೇಳಿದ್ದಳು.

“ಬಣ್ಣ ಬಂದರೆ ಸತ್ಯ ಮರೆಯಾಗ್ತದೆ ಮಂಜಕ್ಕ.”

“ಕಿವಿರಿನ ಕೆಂಪು ಕಾಣದಿದ್ರೆ ಮೀನು ನಿನ್ನೇದೋ ಇವತ್ತಿಂದೋ ಹೇಳಿ ತಿಳಿಯೂದು ಹ್ಯಾಂಗೆ? ನಿಮ್ಮ ಫೋಟೋದಲ್ಲಿ ನಾ ಕೊಳೆತ ಮೀನು ಮಾರಿದಂಗೆ ಕಾಣ್ತದೆ.”

ಮಾಸ್ತರರು ನಕ್ಕರು. ಬಡವರ ಮಾತಿಗೆ ನಗುವುದೂ ಅವರ ಪ್ರಕಾರ ಗೌರವದ ಒಂದು ಬಗೆ.

ಒಂದು ದಿನ ಮಾತ್ರ ಬೇರೆಯಾಯಿತು. ದೀಕ್ಷಾಳ ಮದುವೆಯ ದಿನ ಗೊತ್ತಾದ ಮಾರನೆಯ ಬೆಳಿಗ್ಗೆ. ಮಾಸ್ತರರು ಮಂಜಿಯನ್ನು ಕವುಚಿ ಹಾಕಿದ್ದ ದೋಣಿಯ ಮೇಲೆ ಕೂರಿಸಿ, ಸಮುದ್ರದ ಕಡೆ ನೋಡಿ, ಏನಾದರೂ ದುಃಖದ್ದು ನೆನೆಸಿಕೊಳ್ಳಿ ಎಂದರು. ಬೇರೆ ದಿನವಾದರೆ ಮಂಜಿ ಹುಡುಕಬೇಕಿತ್ತು. ಅಂದು ಸಿದ್ಧವಾಗಿಯೇ ಇತ್ತು. ಅಣ್ಣ ಬರುವನೋ ಇಲ್ಲವೋ ಎಂದು ಯೋಚಿಸುತ್ತ ತೆಂಕಣ ದಿಕ್ಕಿಗೆ, ಅಳ್ವೆಕೋಡಿಯ ಕಡೆಗೆ ನೋಡುತ್ತ ಕೂತಳು. ಟಕ್ ಎಂದು ಕ್ಯಾಮೆರಾ ಸದ್ದಾಯಿತು. ಮಾಸ್ತರರು ಆ ಫೋಟೋ ತೊಳೆದು, ಆಳೆತ್ತರಕ್ಕೆ ದೊಡ್ಡದು ಮಾಡಿಸಿ, ಕಪ್ಪು ಕಟ್ಟು ಹಾಕಿಸಿ, ‘ಮೌನ’ ಎಂದು ಹೆಸರಿಟ್ಟರು. ಕುಮಟೆ ಮಾರ್ಕೆಟ್ಟಿನಲ್ಲಿ ಮಂಜಿಯ ಪಕ್ಕ ಒಂದು ದಿನ ಕೂತಿದ್ದರೆ ಆ ಹೆಸರಿಡುತ್ತಿರಲಿಲ್ಲ.

ಆ ಭಾನುವಾರ ಹೊನ್ನಾವರದ ಒಂದು ಸಭಾಭವನದಲ್ಲಿ ಮಾಸ್ತರರ ಫೋಟೋಗಳ ಪ್ರದರ್ಶನ. ಅಲ್ಲಿ ನಡೆದದ್ದನ್ನು ಮಂಜಿ ಆಮೇಲೆ ಹತ್ತಾರು ಜನರ ಬಾಯಲ್ಲಿ ಕೇಳಿ ಜೋಡಿಸಿಕೊಂಡಳು. ಯಾಕೆಂದರೆ ಅವಳಿಗೆ ಕರೆ ಇರಲಿಲ್ಲ. ಮಾಸ್ತರರು ಮರೆತದ್ದಲ್ಲ. ಮೀನುಗಾರರ ಬದುಕಿನ ಬಗ್ಗೆ ಮಾತಾಡಲು ನಾಲ್ವರು ವಿದ್ವಾಂಸರಿದ್ದರು, ಮತ್ತೆ ಮೀನುಗಾರರ ಅಗತ್ಯ ಕಾಣಲಿಲ್ಲ ಅಷ್ಟೇ.

ಉದ್ಘಾಟನೆಗೆ ಬಂದವರು ಒಬ್ಬ ಮುಖಂಡರು. ದಿನಕ್ಕೆ ಹಲವು ಸಭೆ ಮಾಡುವವರು. ಎಲ್ಲ ಸಭೆಯಲ್ಲೂ ವೇದಿಕೆಯ ಪಕ್ಕ ಯಾರೋ ಮಹನೀಯರ ಫೋಟೋ ಇರುತ್ತದೆ, ಎದುರಿಗೆ ದೀಪ, ತಟ್ಟೆಯಲ್ಲಿ ಹೂವಿನ ಎಸಳು. ಇವರು ಬಂದವರೇ ಎಸಳು ಹಾಕಿ, ಕೈಮುಗಿದು, ಕುರ್ಚಿಗೆ ಹೋಗಿ ಕೂರುವುದು. ಇದು ಅವರಿಗೆ ಉಸಿರಾಡಿದಷ್ಟು ರೂಢಿ. ಅಂದೂ ದೀಪವಿತ್ತು, ಉದ್ಘಾಟನೆಗೆಂದು. ಎಸಳೂ ಇತ್ತು, ಅತಿಥಿಗಳ ಮೇಲೆ ಹಾಕಲೆಂದು. ಅದರ ಹಿಂದೆ ಎಲ್ಲಕ್ಕಿಂತ ದೊಡ್ಡ ಫೋಟೋ, ಮಂಜಿಯದು. ಮುಖಂಡರು ಮೊಬೈಲಿನಲ್ಲಿ ಮಾತಾಡುತ್ತಲೇ ಒಳಗೆ ಬಂದರು. ಮಾಸ್ತರರು ಅವರ ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ದೊಡ್ಡವರು ಹಾರವನ್ನು ಕೊರಳಲ್ಲಿ ಇಟ್ಟುಕೊಳ್ಳುವುದಿಲ್ಲವಷ್ಟೆ. ತೆಗೆದರು, ಎದುರಿಗಿದ್ದ ಫೋಟೋಕ್ಕೆ ಹಾಕಿದರು, ಎಸಳು ಚೆಲ್ಲಿದರು, ಕಣ್ಣು ಮುಚ್ಚಿ ಕೈಮುಗಿದು ನಿಂತರು. ಮುಖಂಡರೇ ನಿಂತ ಮೇಲೆ ಉಳಿದವರು ಕೂರುವುದು ಹೇಗೆ? ಸಭೆಯೇ ಎದ್ದು ನಿಂತಿತು. ವಿದ್ವಾಂಸರು ಸಾಲಾಗಿ ಬಂದು ಎಸಳು ಹಾಕಿದರು. ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇದು ತನ್ನ ಕಲೆಯ ಪ್ರಭಾವವೆಂದು ಮಾಸ್ತರರಿಗೆ ರೋಮಾಂಚನವಾಯಿತು. ಅದರ ಫೋಟೋ, ಈ ಸಲ ಮೊಬೈಲಿನದು, ಕತ್ತಲಾಗುವ ಮೊದಲೇ ಹೊನ್ನಾವರ, ಕುಮಟೆ, ಭಟ್ಕಳದ ವಾಟ್ಸಾಪ್ ಗುಂಪುಗಳಲ್ಲೆಲ್ಲ ಹರಿದಾಡಿತು.

ತದಡಿಯಲ್ಲಿ ಅದನ್ನು ನೋಡಿದವರು ಬಿದ್ದು ಬಿದ್ದು ನಕ್ಕು ಮಲಗಿದರು. ಮಂಜಿ ಹಿತ್ತಿಲಲ್ಲಿ ಕೂತು ಮಗಳ ಮೇಲೆ ರೇಗುವುದು ಅವರ ಕಿವಿಗೇ ಬೀಳುತ್ತಿತ್ತಲ್ಲ. ಮಂಜಿಗೆ ಹೇಳಲು ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ ಅವಳು ಯಾವಾಗಿನಂತೆ ಟಬ್ಬು ಹೊತ್ತು ಕುಮಟೆ ಮಾರ್ಕೆಟ್ಟಿಗೆ ಹೋದಳು. ಅವಳ ಜಾಗದಲ್ಲಿ ಗಂಗಿ ಕೂತಿದ್ದಳು. ಗಂಗಿ ಮೂಲೆಯಲ್ಲಿ ಕೂತು ಶೆಟ್ಲಿ ಸಿಗಡಿ ಮಾರುವವಳು. ಬಾಗಿಲ ಬಳಿಯ ಜಾಗದ ಮೇಲೆ ಅವಳ ಕಣ್ಣು ಹಳೆಯದು.

ತಲೆ ಎತ್ತಿ ನೋಡಿದವಳೇ ಗಂಗಿ ಕೈಯಲ್ಲಿದ್ದ ಕತ್ತಿ ಬೀಳಿಸಿ ಕಿಟಾರನೆ ಕಿರುಚಿದಳು. ಆಮೇಲೆ ಮಂಜಿಯ ಕಾಲು ನೋಡಿದಳು. ಪಾದ ಮುಂದಕ್ಕೇ ಇತ್ತು.

“ನನ್ನ ಜಾಗದಲ್ಲಿ ನಿಂಗೆಂತ ಕೆಲಸ?” ಎಂದಳು ಮಂಜಿ.

ದನಿ ಕೇಳಿದ ಮೇಲೆ ಗಂಗಿಗೆ ಅನುಮಾನ ಉಳಿಯಲಿಲ್ಲ. “ಅಲ್ಲ ಮಾರಾಯ್ತಿ, ಖಾಲಿ ಬಿಟ್ರೆ ಬೇರೆ ಯಾರಾದ್ರೂ ಕೂತ್ಕಂತಿದ್ರು. ನಿಂಗೋಸ್ಕರ ಕಾದ್ಕಂಡಿದ್ದೆ.”

“ಸತ್ತವಳಿಗೋಸ್ಕರ ಕಾಯೂಕೆ ಕೂತ್ಯಾ?” ಎಂದು ಹಿಂದಿನಿಂದ ಯಾರೋ ನಕ್ಕರು. ಮೊಬೈಲುಗಳು ಹೊರಬಂದವು. ಮಂಜಿ ತನ್ನ ಫೋಟೋ ನೋಡಿದಳು. ಹಾರ ನೋಡಿದಳು. ಕಣ್ಣು ಮುಚ್ಚಿ ನಿಂತ ಮುಖಂಡರನ್ನು ನೋಡಿದಳು. “ಮಾರ್ಕೆಟ್ಟಿನ ಮಾಡು ಸೋರ್ತದೆ ಹೇಳೂಕೆ ನಾವೆಲ್ಲ ಹೋದಾಗ ಕೂತಲ್ಲಿಂದ ಏಳದವ ಇವ! ಈಗ ನಂಗೆ ನಿಂತು ಕೈ ಮುಗೀತ!” ಎಂದಳು. ಎಲ್ಲರೂ ನಕ್ಕರು. ಯಾವಾಗಲೂ ಅವಳಲ್ಲೇ ಮೀನು ಒಯ್ಯುವ ಒಬ್ಬರು ಅಮ್ಮ ಮಾತ್ರ ಮುಖ ಸಣ್ಣದು ಮಾಡಿಕೊಂಡು, “ನಾನೂ ಗ್ರೂಪಲ್ಲಿ ಓಂ ಶಾಂತಿ ಹಾಕಿಬಿಟ್ಟೆ ಮಂಜಿ. ಈಗ ತೆಗೆಯೂಕೆ ಬತ್ತಾ ಇಲ್ಲ,” ಎಂದರು.

“ಇರ್ಲಿ ಬಿಡಿ. ಮುಂದೆ ಉಪಯೋಗಕ್ಕೆ ಬತ್ತದೆ.”

ಮಂಜಿಯೂ ನಕ್ಕಳು. ನಗುತ್ತ ನಗುತ್ತಲೇ ಅವಳಿಗೆ ಅಣ್ಣನ ನೆನಪಾಯಿತು. ಇದು ಭಟ್ಕಳದ ಕಡೆಗೂ ಹೋಗಿರುತ್ತದೆ. ಅಣ್ಣನ ಮನೆಯಲ್ಲೂ ನೋಡಿರುತ್ತಾರೆ. ನೋಡಿಯೂ ಅವನು ಬರದಿದ್ದರೆ? ಹೆಣ ನೋಡಲೂ ಬರುವುದಿಲ್ಲ ಎಂದದ್ದು ನಿಜವೇ ಆಗಿದ್ದರೆ? ಬದುಕಿರುವಾಗಲೇ ಅದು ಗೊತ್ತಾಗಿಹೋಗುವುದಿತ್ತು. ಅವಳು ಮಾಸ್ತರರಿಗೆ ಫೋನು ಮಾಡಿದಳು.

“ಮಾಸ್ತರ್ರೆ, ನಾ ಸತ್ತದ್ದು ಯಾವಾಗ?”

“ಮಂಜಕ್ಕ! ಅಭಿನಂದನೆ! ನಿಮ್ಮ ಚಿತ್ರದ ಎದುರು ಜನ ಅತ್ತುಬಿಟ್ರು. ನಾನೇ ಇವತ್ತು ಮನೆಗೆ ಬಂದು ಎಲ್ಲ ಹೇಳ್ತೇನೆ.”

ಅಂದು ಮಂಜಿ ಚೌಕಾಶಿಗೆ ನಿಲ್ಲಲಿಲ್ಲ. ಕೇಳಿದವರಿಗೆ ಕೇಳಿದ ದರಕ್ಕೆ ಕೊಟ್ಟು ಟಬ್ಬು ಖಾಲಿ ಮಾಡಿ ಬೇಗ ಟೆಂಪೊ ಹತ್ತಿದಳು. ಮನೆಯ ಬೇಲಿಬಾಗಿಲ ದಣಪೆ ಹತ್ತಿರ ಬರುವಾಗ ಅಂಗಳದಲ್ಲಿ ಬಾಡಿಗೆ ವ್ಯಾನು ನಿಂತಿತ್ತು. ಒಳಗಿನಿಂದ ಅಳುವ ಸದ್ದು. ಮಂಜಿ ತೆಂಗಿನ ಮರದ ಮರೆಗೆ ನಿಂತಳು.

ಜಗಲಿಯ ಮೇಲೆ, ಬೀಗ ಹಾಕಿದ ಬಾಗಿಲಿಗೆ ಒರಗಿಕೊಂಡು ಈರ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಅವನ ಹೆಂಡತಿ ನಾಗು. ಇಷ್ಟು ಮೊಬೈಲಿರುವ ಕಾಲದಲ್ಲಿ ಒಂದು ಫೋನು ಮಾಡಿ ಕೇಳಬಾರದಿತ್ತೇ ಎಂದು ನೀವು ಕೇಳಬಹುದು. ಯಾರಿಗೆ ಮಾಡುವುದು? ನಂಬರು ಅಳಿಸಿದ್ದರು. ಹುಡುಕಿ ಮಾಡಿದರೂ ಏನೆಂದು ಕೇಳುವುದು, ‘ನನ್ನ ತಂಗಿ ಸತ್ತದ್ದು ಹೌದೋ’ ಎಂದೇ? ಸಾವಿನ ಸುದ್ದಿ ಬಂದರೆ ಫೋನು ಮಾಡುವುದಲ್ಲ, ಹೊರಡುವುದು. ಈರ ಸಮುದ್ರದಿಂದ ಬಂದು ದೋಣಿ ಇಳಿಯುವಾಗಲೇ ನಾಗು ಫೋಟೋ ತೋರಿಸಿದ್ದಳು. ಒದ್ದೆ ಬಟ್ಟೆ ಬದಲಿಸಿ ಹೊರಟು ಬಂದಿದ್ದ. ಬಂದು ನೋಡಿದರೆ ಬಾಗಿಲಿಗೆ ಬೀಗ, ಅಂಗಳದಲ್ಲಿ ಜನವಿಲ್ಲ, ಕೇಳೋಣವೆಂದರೆ ನೆರೆಯವರೆಲ್ಲ ಬಂದರಿನ ಕೆಲಸಕ್ಕೆ ಹೋದ ಹೊತ್ತು. ಹೆಣ ಸಾಗಿಸಿ ಆಯಿತು, ಮುಖ ನೋಡಲೂ ಸಿಗಲಿಲ್ಲ ಎಂದುಕೊಂಡು ಗಂಡ-ಹೆಂಡತಿ ಕೂತು ಅಳತೊಡಗಿದ್ದರು.

ನಾಗು ರಾಗ ಹಾಕಿ ಅಳುತ್ತಿದ್ದಳು. ಮಂಜಿಯಂಥ ನಾದಿನಿ ಏಳೂರಲ್ಲಿ ಹುಡುಕಿದರೂ ಇಲ್ಲ, ಅವಳ ಬಾಯಿಂದ ಒಂದು ಕೆಟ್ಟ ಮಾತು ಬಂದದ್ದಿಲ್ಲ ಎಂದು ಹಾಡಿ ಹಾಡಿ ಹೇಳುತ್ತಿದ್ದಳು. ಮಂಜಿಗೆ ಇದು ಸ್ವಲ್ಪ ಹೆಚ್ಚಾಯಿತು ಅನಿಸಿದರೂ ನಿಲ್ಲಿಸಲು ಮನಸ್ಸಾಗಲಿಲ್ಲ. ಈರ ರಾಗ ಹಾಕುತ್ತಿರಲಿಲ್ಲ. ತೊಡೆ ತಟ್ಟಿಕೊಂಡು ಒಂದೇ ಮಾತು ಹೇಳುತ್ತಿದ್ದ: “ಫೋಟೋದಲ್ಲಿ ಅವಳ ಕಣ್ಣು ನೋಡಿದ್ಯಾ? ನನ್ನನ್ನೇ ಕಾಯ್ತಿದ್ಲು. ನನ್ನನ್ನೇ ಕಾಯ್ತಿದ್ಲು ನಾಗು.”

ಮಂಜಿಗೆ ಇನ್ನು ತಡೆಯಲಾಗಲಿಲ್ಲ. ಮರದ ಮರೆಯಿಂದ ಈಚೆ ಬಂದು, “ಅಣ್ಣ,” ಎಂದಳು.

ನಾಗು ಕಂಬ ಹಿಡಿದುಕೊಂಡಳು. ಈರ ಎದ್ದು ನಿಂತ. ನೋಡಿದ. ಆಮೇಲೆ ಅವನ ಮುಖದಲ್ಲಿ ಒಂದಾದ ಮೇಲೊಂದು ಏನೇನೋ ಬಂದು ಹೋಗಿ, ಕೊನೆಗೆ ಉಳಿದದ್ದು ಅದೇ ಹಳೆಯ ಸಿಟ್ಟು.

“ಸಾಯದೆ ಎಂತಕ್ಕೆ ಕರ್ಸಿದ್ದು ನನ್ನ?”

“ನಾ ಕರ್ಸಲಿಲ್ಲ.”

“ಹಾರ ಹಾಕ್ಸ್ಕಂಡು ಫೋಟೋ ಬಿಟ್ಯಲ್ಲ! ಮಗಳ ಮದುವೆಗೆ ನಾ ಬರ್ಲಿ ಹೇಳಿ ಆಟ ಕಟ್ಟಿದ್ದಾ? ನಾ ಬಂದದ್ದು ಹೆಣಕ್ಕೆ. ಹೆಣ ಇಲ್ಲ ಅಂದ್ಮೇಲೆ ನಂಗೆ ಇ‌ಲ್ಲಿ ಕೆಲಸ ಇಲ್ಲ. ನಾಗು, ಹತ್ತು ವ್ಯಾನು.”

ಮಂಜಿಗೆ ಹೇಳಲು ಬಹಳ ಇತ್ತು. ಒಂದೂ ಬಾಯಿಗೆ ಬರಲಿಲ್ಲ. ಈರ ಅಂಗಳಕ್ಕೆ ಇಳಿದ. ಅಷ್ಟರಲ್ಲಿ ದಣಪೆಯ ಬಳಿ ಕಾರು ನಿಂತಿತು. ಶ್ರೀಧರ ಮಾಸ್ತರರು ಇಳಿದರು. ಕೊರಳಲ್ಲಿ ಕ್ಯಾಮೆರಾ. ಅತ್ತು ಕೆಂಪಾದ ಕಣ್ಣಿನ ಮುದುಕ, ಕಂಬಕ್ಕೆ ಒರಗಿದ ಹೆಂಗಸು, ಖಾಲಿ ಟಬ್ಬು ಹಿಡಿದು ನಿಂತ ಮಂಜಿ. ಮಾಸ್ತರರ ಮುಖ ಅರಳಿತು. ಏನು ನಡೆದಿದೆ ಎಂದು ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

“ಯಾರೂ ಅಲುಗಾಡ್ಬೇಡಿ! ಎಷ್ಟು ಸಹಜವಾಗಿದೆ! ಮಂಜಕ್ಕ, ಟಬ್ಬು ಮಾತ್ರ ಕೆಳಗಿಡಿ. ಅಜ್ಜ, ನೀವು ಸ್ವಲ್ಪ ಆಚೆ ಸರೀರಿ. ಮಂಜಕ್ಕ ಒಬ್ರೇ ಇರ್ಲಿ.”

ಈರ ಸರಿಯಲಿಲ್ಲ. “ಯಾರು ಇವ?” ಎಂದು ತಂಗಿಯನ್ನೇ ಕೇಳಿದ.

“ನನ್ನ ಕೊಂದದ್ದು ಇವ್ರೇ.”

“ಜೀವಂತ ಇದ್ದ ನನ್ನ ತಂಗಿಗೆ ಹಾರ ಹಾಕ್ಸಿದವ ನೀನಾ?” ಎಂದು ಈರ ಒಂದೊಂದೇ ಹೆಜ್ಜೆ ಮುಂದೆ ಬಂದ. ‘ನನ್ನ ತಂಗಿ’ ಎಂಬ ಮಾತು ಕೇಳಿ ಮಂಜಿಗೆ ಬಾಯಿ ಬಂತು. ಅಣ್ಣ ಎಡದಿಂದ, ತಂಗಿ ಬಲದಿಂದ. ಬುಟ್ಟಿಯ ನೀರು ಕುತ್ತಿಗೆಗೆ ಇಳಿದದ್ದರಿಂದ ಹಿಡಿದು ಎಲ್ಲವನ್ನೂ ಅವಳು ಹೇಳಿದಳು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಲ್ಲೆಲ್ಲ ಈರ ಮುಂದುವರಿಸಿದ. ಇಬ್ಬರೂ ಒಂದೇ ತಾಯಿಯ ಬಾಯಿ ಹೊತ್ತವರು. ಮಾಸ್ತರರು ಹಿಂದೆ ಹಿಂದೆ ಸರಿಯುತ್ತ, “ಅದು ಶ್ರದ್ಧಾಂಜಲಿ ಅಲ್ಲ, ಕಲೆಗೆ ಸಂದ ಗೌರವ,” ಎಂದರು.

“ಹಂಗಾದ್ರೆ ನಿನ್ನ ಫೋಟೋಕ್ಕೆ ಹಾಕ್ಸ್ಕ ಗೌರವ! ದೀಪ ನಾ ಹಚ್ತೆ!” ಎಂದ ಈರ. ಮಾಸ್ತರರು ಕಾರು ಹತ್ತಿ ತಿರುಗಿಸಿಕೊಂಡು ಹೋದರು.

ಕಾರಿನ ಧೂಳು ಇಳಿಯಿತು. ಬೈಯಲು ಇನ್ನು ಯಾರೂ ಉಳಿಯಲಿಲ್ಲ. ಅಣ್ಣ-ತಂಗಿ ಅಕ್ಕಪಕ್ಕ ನಿಂತಿದ್ದರು. ಈರ ವ್ಯಾನಿನ ಕಡೆ ನೋಡಿದ. ಆಗ ಮಂಜಿಗೆ ನಾಗುವಿನ ಕೈ ಕಂಡಿತು. ಅವಳು ಏನನ್ನೋ ಬೆನ್ನ ಹಿಂದೆ ಮರೆಮಾಡಿಕೊಂಡಿದ್ದಳು.

“ಅತ್ತಿಗೆ, ಅದೆಂತದು?”

“ಎಂತ ಇಲ್ಲ. ನೀ ನೋಡೂದು ಬೇಡ. ಹೊಳೆಗೆ ಬಿಟ್ಟು ಹೋಗ್ತೆ.”

ಬಟ್ಟೆ ಅಂಗಡಿಯ ಚೀಲ. ಮಂಜಿಗೆ ಅರ್ಥವಾಯಿತು. ಹೆಣ್ಣೊಬ್ಬಳು ಸತ್ತರೆ ಅವಳ ಮೈಮೇಲೆ ಹೊದೆಸುವ ಕೊನೆಯ ಸೀರೆ ತವರಿನದು. ಎಷ್ಟು ಜಗಳವಿದ್ದರೂ ಅದೊಂದನ್ನು ತರಲೇಬೇಕು. ಹಾಗೆ ತಂದದ್ದನ್ನು ಬದುಕಿದವರು ಮುಟ್ಟುವುದಿಲ್ಲ.

“ಕೊಡು ಇಲ್ಲಿ.”

“ಹೆಣದ ಸೀರೆ ಮಂಜಿ! ಮದುವೆ ಮನೆ ಇದು!”

“ನಂಗೆ ತಂದದ್ದು ತಾನೆ? ನಾ ಸತ್ತ ಮೇಲೆ ನೋಡೂಕೆ ಆತಿತ್ತಾ? ಈಗ್ಲೇ ನೋಡ್ತೆ.”

ಕಿತ್ತುಕೊಂಡೇ ಬಿಡಿಸಿದಳು. ಇಂಥದಕ್ಕೆಂದು ಅಂಗಡಿಗಳಲ್ಲಿ ಬೇರೆ ಸೀರೆ ಇರುತ್ತವೆ, ಮೂಲೆಯಲ್ಲಿ ಒಟ್ಟಿದ್ದು, ಗಂಜಿ ಹಾಕಿ ನಿಲ್ಲಿಸಿದ್ದು, ಒಂದು ಸಲ ಒಗೆದರೆ ಹರಿಯುವಂಥದು. ಹೇಗೂ ಬೆಂಕಿಗೆ ಹೋಗುವುದಲ್ಲವೇ? ಮಂಜಿ ಅಂಥದೇ ಇರುತ್ತದೆಂದು ಕೈಹಾಕಿದಳು. ಕೈಗೆ ತಂಪಾಯಿತು. ರೇಷ್ಮೆ. ಗಿಳಿಹಸಿರು ಒಡಲು, ಕೆಂಪು ಅಂಚು, ಸೆರಗಿನ ತುಂಬ ಜರಿ. ಇಷ್ಟು ಒಳ್ಳೆಯ ಸೀರೆಯನ್ನು ಅವಳು ತನ್ನ ಮದುವೆಯಲ್ಲೂ ಉಟ್ಟಿರಲಿಲ್ಲ. ಅವಳು ಅಣ್ಣನ ಮುಖ ನೋಡಿದಳು.

“ಸುಡೂಕೆ ಇಂಥದ್ದು ಎಂತಕ್ಕೆ ತಂದೆ ಅಣ್ಣ?”

ಈರ ನೆಲ ನೋಡುತ್ತ ನಿಂತ. “ಅಂಗಡಿಯವ ಕೇಳ್ದ, ಯಾರಿಗೆ ಸೀರೆ, ಎಂತಕ್ಕೆ ಹೇಳಿ,” ಎಂದ. “ತಂಗಿಗೆ ಅಂದೆ. ಮುಂದಿಂದು ಹೇಳೂಕೆ ಬಾಯಿ ಬರ್ಲಿಲ್ಲ. ಅವ ಒಳ್ಳೊಳ್ಳೇದೆಲ್ಲ ತೆಗೆದು ಹಾಕ್ದ.”

ಮಂಜಿ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಈರನೂ ಅತ್ತ. ಆಮೇಲೆ ಮಂಜಿ ಬೀಗ ತೆಗೆದಳು, ಅಣ್ಣ ಹೊಸಲು ದಾಟಿ ಒಳಗೆ ಹೋಗಿ ಕೂತ. ನಿನ್ನೆಯ ಬಂಗಡೆ ಸಾರು ಬಿಸಿ ಮಾಡಿ ಬಡಿಸಿದ್ದನ್ನು ಇಬ್ಬರೂ ಒಟ್ಟಿಗೆ ಕೂತು ಉಂಡರು.

ಮದುವೆಯ ದಿನ ಈರ ದೀಕ್ಷಾಳ ಕೈಹಿಡಿದು ಮಂಟಪಕ್ಕೆ ಕರೆತಂದ. ಯಾರು ಎಷ್ಟು ಬೇಡವೆಂದರೂ ಕೇಳದೆ ಮಂಜಿ ಅದೇ ಹಸಿರು ಸೀರೆ ಉಟ್ಟಿದ್ದಳು. ಗಂಡಿನ ಕಡೆಯ ಹೆಂಗಸರು ಸೆರಗು ಮುಟ್ಟಿ ನೋಡಿ, ಯಾರು ತಂದದ್ದು ಎಂದು ಕೇಳಿದರು.

“ನಮ್ಮಣ್ಣ.”

“ಇಷ್ಟು ಚಂದದ್ದು! ಎಂತಕ್ಕೆ ತಂದದ್ದು, ಮದುವೆಗೇ ಹೇಳಿಯಾ?”

“ತಂಗಿಗೆ ಹೇಳಿ ತಂದದ್ದು,” ಎಂದಳು ಮಂಜಿ. ಮುಂದಿನದನ್ನು ಅವಳೂ ಹೇಳಲಿಲ್ಲ.